ಕಿಡ್ನಿ ಸ್ಟಡಿಗೆ ಸೇರಿದವರು

ಆಸ್ಪತ್ರೆ ಕೆಲಸ ಎಂದರೆ ಬರೀ ಅಳು ಎಂದುಕೊಂಡವರು ನಮ್ಮ ಕಿಡ್ನಿ ವಿಭಾಗದಲ್ಲಿ ಒಂದು ವಾರ ಕೂತಿದ್ದರೆ ಸಾಕಿತ್ತು. ನಗು ಬರಿಸುವಂಥದ್ದು ಒಂದಲ್ಲ ಒಂದು ನಡೆಯುತ್ತಲೇ ಇರುತ್ತಿತ್ತು. ಎಪ್ಪತ್ತರ ದಶಕದ ಕೊನೆಯಿಂದ ಎಂಬತ್ತರ ದಶಕದುದ್ದಕ್ಕೂ ನಾನು ಅಲ್ಲಿ ಸೋಷಿಯಲ್ ವರ್ಕರ್ ಆಗಿದ್ದೆ. ವಾಂತಿಭೇದಿ, ಹಾವಿನ ಕಡಿತ, ಕಷ್ಟದ ಹೆರಿಗೆ, ಇಂಥವುಗಳಿಂದ ಇದ್ದಕ್ಕಿದ್ದಂತೆ ಕಿಡ್ನಿ ಕೆಟ್ಟು ಹೇಗೋ ಬದುಕಿಕೊಂಡವರನ್ನು ನಮ್ಮ ಡಾಕ್ಟರು ವರ್ಷಗಟ್ಟಲೆ ಕರೆಸಿ ಕರೆಸಿ ನೋಡುತ್ತಿದ್ದರು. ಹುಷಾರಾದ ಮೇಲೂ ಬಿ.ಪಿ. ಏರುತ್ತದೆಯೇ, ಕಿಡ್ನಿ ಮತ್ತೆ ಸೊರಗುತ್ತದೆಯೇ ಎಂದು ತಿಳಿಯುವುದೇ ಆ ಸ್ಟಡಿ. ಆದರೆ ಹುಷಾರಾದವರು ಯಾರು ಆಸ್ಪತ್ರೆ ಕಡೆ ತಲೆ ಹಾಕುತ್ತಾರೆ? ಅವರನ್ನು ಮನೆಮನೆಗೆ ಹೋಗಿ ಕರೆತರುವುದು ನನ್ನ ಕೆಲಸ. ಆ ಕೆಲಸವನ್ನು ನಾನು ಚೆನ್ನಾಗಿಯೇ ಮಾಡಿದೆ. ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ.

ಪರೀಕ್ಷೆ

ಚಿಕ್ಕಪೇಟೆಯಲ್ಲಿ ಬಟ್ಟೆ ಮೂಟೆ ಹೊರುತ್ತಿದ್ದ ಹಮಾಲಿಯೊಬ್ಬರು ವಾಂತಿಭೇದಿಯಾಗಿ, ಮೂತ್ರವೇ ನಿಂತುಹೋಗಿ ನಮ್ಮಲ್ಲಿಗೆ ಬಂದರು. ಡಯಾಲಿಸಿಸ್ ಮಾಡಿ ಉಳಿಸಿಕೊಂಡೆವು. ಮನೆಗೆ ಹೊರಟ ದಿನ ನಾನು, "ನಿಮ್ಮನ್ನ ನಮ್ಮ ಸ್ಟಡಿಗೆ ಸೇರಿಸ್ಕೋಬೇಕು ಅಂತಿದೀವಿ, ನೀವು ಒಪ್ಪಿದ್ರೆ ಮಾತ್ರ" ಎಂದೆ.

ಅವರು ಎದ್ದು ಕೂತರು. "ನಾನು ಸ್ಕೂಲ್ ಮೆಟ್ಲು ಹತ್ತಿದೋನಲ್ಲಮ್ಮ. ಪರೀಕ್ಷೆ ಇರುತ್ತಾ?"

"ಇರುತ್ತೆ. ರಕ್ತ ಪರೀಕ್ಷೆ, ಮೂತ್ರ ಪರೀಕ್ಷೆ."

"ಬರೆಯೋದೇನೂ ಇಲ್ವಲ್ಲ? ಹಾಗಾದ್ರೆ ಸೇರ್ತೀನಿ."

ಅಂದಿನಿಂದ ವರ್ಷಕ್ಕೆರಡು ಸಲ ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು, ಒಗೆದ ಅಂಗಿ ತೊಟ್ಟು ತಪ್ಪದೆ ಬರುತ್ತಿದ್ದರು. ರಿಸಲ್ಟ್ ಕೇಳದೆ ಹೋಗುತ್ತಿರಲಿಲ್ಲ. ಒಂದು ಸಲ ಅವರ ಹೆಂಡತಿಯೂ ಬಂದು ನನ್ನನ್ನು ಪಕ್ಕಕ್ಕೆ ಕರೆದರು.

"ಮೇಡಂ, ನನ್ನ ಮಗ ಏಳನೇ ಕ್ಲಾಸಲ್ಲಿ ಫೇಲಾಗಿದಾನೆ. ಇವರು ದಿನಾ ಅವನ ಮುಂದೆ ಕೂತು, 'ನನ್ನ ನೋಡು, ವರ್ಷಕ್ಕೆ ಎರಡು ಪರೀಕ್ಷೆ, ಒಂದರಲ್ಲೂ ಫೇಲಾಗಿಲ್ಲ' ಅಂತಾರೆ. ಮನೇಲಿ ಇರಕ್ಕಾಗ್ತಿಲ್ಲ. ಸುಳ್ಳಿಗಾದ್ರೂ ಒಂದೇ ಒಂದ್ಸಲ ಇವರನ್ನ ಫೇಲ್ ಮಾಡಿ."

ನಾರ್ಮಲ್

ಕಾಯಿಲೆಯಾದವರನ್ನು ಹೋಲಿಸಿ ನೋಡಲು ಅದೇ ಬೀದಿಯ, ಅದೇ ವಯಸ್ಸಿನ ಆರೋಗ್ಯವಂತರೂ ಬೇಕಾಗಿದ್ದರು. ಎನ್.ಆರ್. ಕಾಲೋನಿಯಲ್ಲಿ ನಮ್ಮ ರೋಗಿಯ ಪಕ್ಕದ ಮನೆಗೆ ಹೋಗಿ, ಅಲ್ಲಿದ್ದ ಅಜ್ಜಿಯನ್ನು ಕೇಳಿದೆ. ಅವರಿಗೆ ಮೊದಲು ಕೋಪವೇ ಬಂತು. "ನನಗೇನಾಗಿದೆ ಅಂತ ಆಸ್ಪತ್ರೆಗೆ ಬರ್ಲಿ?"

"ಏನೂ ಆಗಿಲ್ಲ ಅಂತಲೇ ಬೇಕಾಗಿದೀರಿ" ಎಂದೆ.

ಆ ಮಾತು ಅವರಿಗೆ ಬಹಳ ಹಿಡಿಸಿತು. ಸೊಸೆಯನ್ನು ಕರೆದುಕೊಂಡು ಬಂದು ಎಲ್ಲ ತಪಾಸಣೆ ಮಾಡಿಸಿಕೊಂಡರು. ಡಾಕ್ಟರು, "ಎಲ್ಲಾ ನಾರ್ಮಲ್ ಇದೆ ಅಜ್ಜಿ" ಎಂದಾಗ, "ಅದನ್ನೇ ಒಂದು ಚೀಟೀಲಿ ಬರೆದು ರುಜು ಹಾಕಿಕೊಡಿ" ಎಂದರು. ಡಾಕ್ಟರು ನಗುತ್ತಾ ಬರೆದುಕೊಟ್ಟರು.

ತಿಂಗಳು ಕಳೆಯುವುದರೊಳಗೆ ಸೊಸೆ ಒಬ್ಬರೇ ಬಂದರು. ಕಣ್ಣಲ್ಲಿ ನೀರಿತ್ತು. "ಮೇಡಂ, ಅತ್ತೆ ಆ ಚೀಟಿಗೆ ಕಟ್ಟು ಹಾಕಿಸಿ ನಡುಮನೇಲಿ ನೇತುಹಾಕಿದಾರೆ. ನಾನೇನಾದ್ರೂ ಎದುರಾಡಿದ್ರೆ, 'ನಾನು ನಾರ್ಮಲ್ ಅಂತ ಡಾಕ್ಟ್ರೇ ಬರೆದುಕೊಟ್ಟಿದಾರೆ, ನಿನ್ನ ಹತ್ರ ಏನಿದೆ?' ಅಂತಾರೆ."

"ನಾವೇನು ಮಾಡ್ಬೇಕಮ್ಮ?"

"ಕಟ್ಟು ಬಿಚ್ಚಿ ಚೀಟಿ ತಂದಿದೀನಿ. ಕಿಡ್ನಿ ಮಾತ್ರ ನಾರ್ಮಲ್ ಅಂತ ತಿದ್ದಿಕೊಡಿ."

ಉಪ್ಪು

ಬಸವನಗುಡಿಯ ಕಡೆ ಮದುವೆ, ಮುಂಜಿಗಳಿಗೆಲ್ಲ ಅಡುಗೆ ಮಾಡುತ್ತಿದ್ದ ಭಟ್ಟರೊಬ್ಬರಿದ್ದರು. ಮಂಡಿನೋವಿಗೆಂದು ಸಿಕ್ಕಸಿಕ್ಕ ಮಾತ್ರೆ ನುಂಗಿ ಕಿಡ್ನಿ ಕೆಡಿಸಿಕೊಂಡವರು. ಹುಷಾರಾದ ಮೇಲೂ ಬಿ.ಪಿ. ಇಳಿಯಲಿಲ್ಲ. ಡಾಕ್ಟರು ಅವರಿಗೆ ಗದರಿಸಿಯೇ ಹೇಳಿದ್ದರು: "ಉಪ್ಪು ಅಂದ್ರೆ ವಿಷ ಅಂತ ತಿಳ್ಕೊಳ್ಳಿ." ಭಟ್ಟರು ಅಕ್ಷರಶಃ ಪಾಲಿಸಿದರು. ಬಿ.ಪಿ. ಇಳಿಯಿತು. ಡಾಕ್ಟರು ಆ ಕೇಸನ್ನು ಎಲ್ಲರ ಮುಂದೆ ಹೆಮ್ಮೆಯಿಂದ ಹೇಳಿಕೊಂಡು ತಿರುಗಿದರು. ಅದೇ ಖುಷಿಯಲ್ಲಿ ತಮ್ಮ ಮಗನ ಮುಂಜಿಗೆ ಅವರನ್ನೇ ಅಡುಗೆಗೆ ಕರೆದರು.

ನಾವೆಲ್ಲ ಊಟಕ್ಕೆ ಕೂತೆವು. ಕೋಸಂಬರಿಗೆ ಉಪ್ಪಿಲ್ಲ. ಪಲ್ಯಕ್ಕಿಲ್ಲ. ಸಾರಿಗೂ ಇಲ್ಲ. ಎಲೆಯ ತುದಿಗೆ ಬಡಿಸುವ ಉಪ್ಪೂ ಬಂದಿಲ್ಲ. ನೆಂಟರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಡಾಕ್ಟರು ಎದ್ದು ಅಡುಗೆಮನೆಗೆ ನಡೆದರು, ಹಿಂದೆ ನಾನೂ ಹೋದೆ.

"ಭಟ್ರೇ, ಉಪ್ಪು ಮರೆತ್ರಾ?"

"ಮರೆಯೋದೇ? ಎಲ್ಲಾದ್ರೂ ಉಂಟೇ?" ಎಂದರು ಭಟ್ಟರು, ಸೌಟು ಕೆಳಗಿಟ್ಟು ಕೈಮುಗಿದು. "ನನ್ನ ಪ್ರಾಣ ಉಳಿಸಿದೋರು ನೀವು. ನಿಮ್ಮ ಮನೇಲಿ ನಿಂತು, ನಿಮ್ಮ ನೆಂಟರಿಗೆ ನನ್ನ ಕೈಯಾರೆ ವಿಷ ಹಾಕ್ಲಾ?"

ಹೋಗ್ಬಿಟ್ರು

ಚಾಮರಾಜಪೇಟೆಯಲ್ಲಿ ಒಬ್ಬ ನಿವೃತ್ತ ಮೇಷ್ಟ್ರಿದ್ದರು. ಹಾವು ಕಡಿದು ಕಿಡ್ನಿ ನಿಂತು, ಮತ್ತೆ ಬದುಕಿದವರು. ನಮ್ಮ ಸ್ಟಡಿಗೆ ಮೊದಮೊದಲು ಸೇರಿದವರಲ್ಲಿ ಒಬ್ಬರು, ಒಂದು ಸಲವೂ ತಪ್ಪಿಸಿದವರಲ್ಲ. ಆ ವರ್ಷ ಮಾತ್ರ, ಚೆಕಪ್‌ಗೆ ಬನ್ನಿ ಎಂದು ಅಂಚೆ ಕಾರ್ಡ್ ಹಾಕಿದರೂ ಬರಲಿಲ್ಲ. ದೆಹಲಿಯಿಂದ ದೊಡ್ಡ ಪ್ರೊಫೆಸರೊಬ್ಬರು ನಮ್ಮ ಸ್ಟಡಿ ನೋಡಲು ಬರುವವರಿದ್ದರು. ಯಾರೂ ಬಿಟ್ಟುಹೋಗಬಾರದೆಂದು ನಾನೇ ಮನೆ ಹುಡುಕಿಕೊಂಡು ಹೋದೆ. ಬಾಗಿಲಿಗೆ ಬೀಗ. ಪಕ್ಕದ ಮನೆಯಾಕೆ ಹೊರಗೆ ಬಂದರು.

"ಮೇಷ್ಟ್ರು ಇಲ್ವಾ?"

"ಹೋಗ್ಬಿಟ್ರಮ್ಮ" ಎಂದು ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡರು. "ಎಂಥಾ ಒಳ್ಳೆಯೋರು. ಬೀದೀನೇ ಬಿಕೋ ಅಂತಿದೆ. ಶ್ರಾವಣದಲ್ಲಿ, ಬೆಳಿಗ್ಗೆ ಬೆಳಿಗ್ಗೆನೇ ಹೋಗ್ಬಿಟ್ರು."

ನಾನು ಮುಂದೇನೂ ಕೇಳದೆ ಹಿಂದಿರುಗಿದೆ. ಆಸ್ಪತ್ರೆಗೆ ಬಂದು ಹೇಳಿದೆ. ಎಲ್ಲರೂ ಎದ್ದು ನಿಂತು ಮೌನ ಆಚರಿಸಿದೆವು. ಮೇಷ್ಟ್ರನ್ನು ತೀರಿಕೊಂಡವರ ಸಾಲಿಗೆ ಸೇರಿಸಿದೆವು.

ಪ್ರೊಫೆಸರು ಬಂದರು. ಡಾಕ್ಟರು ಒಬ್ಬೊಬ್ಬ ರೋಗಿಯ ಕಥೆಯನ್ನೂ ವಿವರಿಸಿದರು. ಮೇಷ್ಟ್ರ ಹೆಸರು ಬಂದಾಗ ದನಿ ತಗ್ಗಿಸಿ, "ಇವರು ಈಚೆಗೆ ತೀರಿಕೊಂಡರು" ಎಂದರು. ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು, ಕೊಡೆ ಹಿಡಿದ ಮೇಷ್ಟ್ರೇ ಒಳಗೆ ಬಂದರು.

"ಏನ್ ಡಾಕ್ಟ್ರೇ, ಈ ಸಲ ನನಗೊಂದು ಕಾರ್ಡ್ ಹಾಕ್ಲಿಲ್ಲ ನೀವು. ನಾನಾಗೇ ಬರ್ಬೇಕಾಯ್ತು."

ಡಾಕ್ಟರ ಬಾಯಿ ತೆರೆದಂತೆಯೇ ಇತ್ತು. ನಾನು ಹೇಗೋ ಸಾವರಿಸಿಕೊಂಡು ಹೇಳಿದೆ: "ಮೇಷ್ಟ್ರೇ, ನಿಮ್ಮ ಮನೆಗೆ ಬಂದಿದ್ದೆ. ಪಕ್ಕದ ಮನೆಯೋರು ನೀವು ಹೋಗ್ಬಿಟ್ರಿ ಅಂದ್ರು."

"ಹೌದಮ್ಮ, ಹೋಗ್ಬಿಟ್ಟೆ. ಮಲ್ಲೇಶ್ವರಕ್ಕೆ. ಮಗಳ ಮನೆ ಅಲ್ಲೇ ಇದೆ."

ಪ್ರೊಫೆಸರಿಗೆ ಕನ್ನಡ ಬಾರದು. ಏನಾಯಿತೆಂದು ಕೇಳಿದರು. ಡಾಕ್ಟರು ಎದೆಯುಬ್ಬಿಸಿ, ಮೇಷ್ಟ್ರ ಹೆಗಲ ಮೇಲೆ ಕೈಯಿಟ್ಟು, ಪ್ರೊಫೆಸರಿಗೆ ಇಂಗ್ಲಿಷಿನಲ್ಲಿ ಹೇಳಿದ್ದು ಇಷ್ಟು:

"ನಮ್ಮ ಸ್ಟಡಿಗೆ ಸೇರಿದೋರು ಸತ್ರೂ ಚೆಕಪ್ ತಪ್ಪಿಸಲ್ಲ ಸಾರ್."