ಕಾರಿನೊಳಗಿನ ಮೂವರು ಕ್ವಾರ್ಟರ್‌ಬ್ಯಾಕ್‌ಗಳು

ನನ್ನ ಮುಖದಲ್ಲಿ ಏನೋ ಒಂದು ದೋಷವಿದೆ. ಜಗಳವಾಡುತ್ತಿರುವ ಇಬ್ಬರ ಪಕ್ಕದಲ್ಲಿ ನಾನು ಸುಮ್ಮನೆ ಹಾದುಹೋದರೂ ಸಾಕು, ಇಬ್ಬರೂ ಒಟ್ಟಿಗೆ ತಿರುಗಿ, "ಇವರನ್ನೇ ಕೇಳಿಬಿಡೋಣ" ಎನ್ನುತ್ತಾರೆ. ಮೈಸೂರಿನ ಒಂದು ಮದುವೆಮನೆಯಲ್ಲಿ ಕೈ ತೊಳೆಯಲು ಹಿತ್ತಲಿಗೆ ಹೋದ ನನ್ನನ್ನು ಇಬ್ಬರು ಅಡುಗೆಯವರು ಹಿಡಿದು ನಿಲ್ಲಿಸಿ, ಹುಳಿಗೆ ಉಪ್ಪು ಹೆಚ್ಚೋ ಕಡಿಮೆಯೋ ಹೇಳಿ ಎಂದು ಸೌಟಿನಿಂದಲೇ ಕುಡಿಸಿದ್ದರು. "ಸರಿಯಾಗಿದೆ" ಎಂದೆ. ಇಬ್ಬರಿಗೂ ಸಿಟ್ಟು ಬಂತು. ಪಂಕ್ತಿಯಲ್ಲಿ ನನ್ನ ಎಲೆಗೆ ಹುಳಿಯೇ ಬೀಳಲಿಲ್ಲ. ಸಮುದ್ರ ದಾಟಿ ಅಮೆರಿಕಕ್ಕೆ ಬಂದರೆ ಈ ಕಾಟ ತಪ್ಪೀತು ಎಂದುಕೊಂಡಿದ್ದೆ. ಮುಖವನ್ನೂ ಜೊತೆಯಲ್ಲೇ ತಂದಿದ್ದೇನೆಂಬುದು ಹೊಳೆಯಲಿಲ್ಲ.

ತೊಂಬತ್ತರ ದಶಕದ ಮೊದಲ ವರ್ಷಗಳ ಮಾತು. ನಮ್ಮ ಮನೆ ವರ್ಜೀನಿಯಾ ರಾಜ್ಯದ ಸೆಂಟರ್‌ವಿಲ್‌ನಲ್ಲಿ, ನನ್ನ ಕಛೇರಿ ವಾಷಿಂಗ್ಟನ್ ನಗರದ ಒಳಗೆ. ನಡುವಿನ ಹೆದ್ದಾರಿಗೆ ಆಗ ಒಂದು ವಿಚಿತ್ರ ಕಾನೂನಿತ್ತು. ಬೆಳಗಿನ ಹೊತ್ತು ಕಾರಿನಲ್ಲಿ ಕಡೇಪಕ್ಷ ಮೂವರಿರಬೇಕು. ಇದ್ದರೆ ಕಾರು ಬಾಣದ ಹಾಗೆ ಹೋಗುತ್ತದೆ. ಇಲ್ಲದಿದ್ದರೆ ಹೆದ್ದಾರಿಗೇ ಪ್ರವೇಶವಿಲ್ಲ, ಸಿಗ್ನಲ್ಲುಗಳ ಬೀದಿಗಳಲ್ಲಿ ತೆವಳಬೇಕು. ಹೀಗಾಗಿ ಕಛೇರಿಯ ವಾಲ್ಟರ್ ಮತ್ತು ಡಗ್ ತಮ್ಮ ಜೊತೆಗೆ ಬರಲು ಕರೆದಾಗ ಅದು ಸ್ನೇಹ ಎಂದು ಭಾವಿಸಿ ಹಿಗ್ಗಿದೆ. ಅವರಿಗೆ ಬೇಕಾಗಿದ್ದುದು ಮೂರನೆಯ ಒಂದು ತಲೆ. ಆ ತಲೆಯ ಒಳಗೆ ಏನಿದೆ ಎಂಬುದರ ಬಗ್ಗೆ ಅವರಿಗೆ ಯಾವ ಕುತೂಹಲವೂ ಇರಲಿಲ್ಲ.

ಕಾರು ವಾಲ್ಟರ್‌ದು. ಐವತ್ತು ದಾಟಿದ, ಕತ್ತರಿಸಿಟ್ಟಂತೆ ಮಾತಾಡುವ ಮನುಷ್ಯ. ಪಕ್ಕದಲ್ಲಿ ಕೂರುವ ಡಗ್‌ಗೆ ಮೂವತ್ತರ ಆಸುಪಾಸು. ಇಬ್ಬರೂ ಕ್ಯಾರೊಲೈನಾದ ಒಂದೇ ಕಾಲೇಜಿನಲ್ಲಿ ಓದಿದವರು. ಇಂಥವರು ಅಣ್ಣತಮ್ಮಂದಿರ ಹಾಗಿರುತ್ತಾರೆ ಎಂದು ನೀವು ಊಹಿಸಿದರೆ ಸರಿಯಾಗಿಯೇ ಊಹಿಸಿದಿರಿ. ಆಸ್ತಿ ಪಾಲಾಗದ ಅಣ್ಣತಮ್ಮಂದಿರ ಹಾಗೆಯೇ ಇದ್ದರು. ವಾಲ್ಟರ್ ಓದಿದ್ದು ಅರವತ್ತರ ದಶಕದಲ್ಲಿ. ಆಗ ಅವರ ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ತಂಡದ ಕ್ವಾರ್ಟರ್‌ಬ್ಯಾಕ್ ಬಡ್ ಎಂಬವನು. ಡಗ್ ಓದಿದ್ದು ಎಂಬತ್ತರಲ್ಲಿ. ಅವನ ಕ್ವಾರ್ಟರ್‌ಬ್ಯಾಕ್ ಟ್ರೆಂಟ್. ಇಬ್ಬರಲ್ಲಿ ಯಾರು ದೊಡ್ಡವನು? ಸೆಂಟರ್‌ವಿಲ್‌ನಿಂದ ವಾಷಿಂಗ್ಟನ್‌ವರೆಗೆ, ಸಂಜೆ ವಾಷಿಂಗ್ಟನ್‌ನಿಂದ ಸೆಂಟರ್‌ವಿಲ್‌ವರೆಗೆ, ಇದೊಂದೇ ಪ್ರಶ್ನೆ.

ಕ್ವಾರ್ಟರ್‌ಬ್ಯಾಕ್ ಎಂದರೆ ಯಾರೆಂದು ನನಗೂ ಗೊತ್ತಿರಲಿಲ್ಲ. ಕೇಳಿದ್ದೇ ತಪ್ಪಾಯಿತು. ಇಬ್ಬರೂ ಬೇರೆ ಬೇರೆಯಾಗಿ ಒಂದೊಂದು ವಾರ ವಿವರಿಸಿದರು. ನನಗೆ ತಿಳಿದಷ್ಟು ಹೇಳುತ್ತೇನೆ. ಈ ಆಟದಲ್ಲಿ ಚೆಂಡು ಮೊದಲು ಬರುವುದು ಅವನ ಕೈಗೆ. ಯಾರಿಗೆ ಎಸೆಯಬೇಕು, ಯಾರ ಕೈಗಿಡಬೇಕು ಎಂದು ಅವನು ಕಣ್ಣು ಮಿಟುಕಿಸುವಷ್ಟರಲ್ಲಿ ತೀರ್ಮಾನಿಸಬೇಕು. ಅಷ್ಟರಲ್ಲೇ ಎದುರಾಳಿಗಳು ಕೋಣಗಳ ಹಾಗೆ ಓಡಿಬಂದು ಅವನ ಮೇಲೆ ಬೀಳುತ್ತಾರೆ. ಗೆದ್ದರೆ ಎಲ್ಲ ಹೆಸರೂ ಅವನಿಗೆ, ಸೋತರೆ ಎಲ್ಲ ಬೈಗುಳವೂ ಅವನಿಗೆ. ಮದುವೆ ಮಾಡಿಸಿದ ಬ್ರೋಕರ್ ಪಾಡು ಎಂದುಕೊಳ್ಳಿ.

"ಬಡ್‌ನ ಕಾಲದಲ್ಲಿ ಈಗಿನಂತೆ ಮೆತ್ತನೆಯ ಪ್ಯಾಡುಗಳಿರಲಿಲ್ಲ. ಮೂಗು ಮುರಿದರೂ ಆಡುತ್ತಿದ್ದ" ಎಂದು ವಾಲ್ಟರ್ ಸ್ಟೀರಿಂಗ್ ಗುದ್ದುತ್ತಿದ್ದ.

"ಅವನಿಗೆ ಎದುರಾಗುತ್ತಿದ್ದವರು ಬಡಕಲು ಹುಡುಗರು. ಟ್ರೆಂಟ್ ಎಸೆದ ದೂರಕ್ಕೆ ಬಡ್ ಬಸ್ಸು ಹಿಡಿದು ಹೋಗಬೇಕಾಗಿತ್ತು" ಎಂದು ಡಗ್ ಕಿಟಕಿಯ ಕಡೆ ನೋಡಿಕೊಂಡು ಹೇಳುತ್ತಿದ್ದ. ಆಮೇಲೆ ಇಬ್ಬರೂ ಕನ್ನಡಿಯಲ್ಲಿ ನನ್ನ ಮುಖ ಹುಡುಕುತ್ತಿದ್ದರು. "ನೀನು ಹೊರಗಿನವನು, ನಿಷ್ಪಕ್ಷಪಾತಿ. ನೀನೇ ಹೇಳು."

ನಾನು "ಆ ಕಾಲಕ್ಕೆ ಅವನು, ಈ ಕಾಲಕ್ಕೆ ಇವನು" ಎಂದೆ. ಇದು ಹುಳಿಯ ಉಪ್ಪು ಸರಿಯಾಗಿದೆ ಎಂದ ಹಾಗೆಯೇ ಆಯಿತು. ವಾಲ್ಟರ್ ರೇಡಿಯೋದ ದನಿ ಜೋರು ಮಾಡಿದ. ಡಗ್ ಸೀಟನ್ನು ಹಿಂದಕ್ಕೆ ಸರಿಸಿ ನನ್ನ ಮಂಡಿಯನ್ನು ಒತ್ತಿದ.

ಸೆಪ್ಟೆಂಬರ್‌ನ ಒಂದು ಬೆಳಿಗ್ಗೆ ಡಗ್ ನಾಲಗೆ ಜಾರಿಸಿದ. ಇವತ್ತಿನ ತಂಡದಲ್ಲಾಗಿದ್ದರೆ ಬಡ್‌ಗೆ ನೀರಿನ ಬಾಟಲಿ ಹೊರುವ ಕೆಲಸವೂ ಸಿಗುತ್ತಿರಲಿಲ್ಲ ಎಂದುಬಿಟ್ಟ. ವಾಲ್ಟರ್ ಹೆದ್ದಾರಿಯಿಂದ ಇಳಿದು, ಒಂದು ಗ್ಯಾಸ್ ಸ್ಟೇಷನ್‌ನಲ್ಲಿ ಕಾರು ನಿಲ್ಲಿಸಿ, "ಇಳಿ" ಎಂದ. ಡಗ್ ಇಳಿದ. ಯಾರ ಪಕ್ಷವೂ ಅಲ್ಲದ ನಾನು ಏನು ಮಾಡಬೇಕೆಂದು ಯೋಚಿಸುತ್ತಿದ್ದಾಗ ವಾಲ್ಟರ್, "ನಿನಗೆ ಯಾವ ಅಭಿಪ್ರಾಯವೂ ಇಲ್ಲ ಅಲ್ಲವೇ? ನೀನೂ ಇಳಿ" ಎಂದ. ಅಭಿಪ್ರಾಯವಿಲ್ಲದ್ದಕ್ಕೆ ಕಾರಿನಿಂದ ಇಳಿಸಲ್ಪಟ್ಟ ಮನುಷ್ಯ ಆ ರಾಜ್ಯದಲ್ಲಿ ನಾನೊಬ್ಬನೇ ಇರಬೇಕು.

ಮರುದಿನದಿಂದ ವಾಲ್ಟರ್ ಒಬ್ಬನೇ, ನಾನು ಡಗ್‌ನ ಕಾರಿನಲ್ಲಿ. ಎರಡೂ ಕಾರುಗಳಿಗೆ ತಲೆ ಸಾಲದು, ಹೆದ್ದಾರಿ ಬಂದ್. ಮಂಕು ಬೆಳಕಿನಲ್ಲೇ ಕಾಫಿ ಹೀರಿ ಹೊರಟರೂ ಕಛೇರಿಗೆ ತಡ. ಕೆಂಪು ಸಿಗ್ನಲ್‌ನಲ್ಲಿ ಪಕ್ಕಕ್ಕೆ ನೋಡಿದರೆ ವಾಲ್ಟರ್‌ನ ಕಾರು. ಒಂದು ಕಾರಿನಲ್ಲಿ ಕೂತರೆ ಹಾರಿಹೋಗಬಹುದಾಗಿದ್ದ ಮೂವರು ಎರಡು ಕಾರುಗಳಲ್ಲಿ ಅಕ್ಕಪಕ್ಕ ನಿಂತು, ಪರಸ್ಪರ ಗುರುತೇ ಇಲ್ಲದವರ ಹಾಗೆ ಸಿಗ್ನಲ್ ದೀಪವನ್ನು ದುರುಗುಟ್ಟಿಕೊಂಡು ನೋಡುತ್ತಿದ್ದೆವು. ನನಗೆ ಎಷ್ಟು ರೋಸಿತೆಂದರೆ, ಮೂರನೆಯ ದಿನ ನನ್ನ ಮೇಲಧಿಕಾರಿ ಗಡಿಯಾರ ನೋಡಿದಾಗ, ಬಾಯಿಗೆ ಬಂದ ಕನ್ನಡದ ಬೈಗುಳವನ್ನು ಕೆಮ್ಮಾಗಿ ಪರಿವರ್ತಿಸಬೇಕಾಯಿತು.

ಮನೆಗೆ ಬಂದು ಹೆಂಡತಿ ಸುಧಾಳ ಮುಂದೆ ಗೋಳು ತೋಡಿಕೊಂಡೆ. ಅವಳು ಬೀನ್ಸ್ ಹೆಚ್ಚುತ್ತಾ ಕೇಳಿಸಿಕೊಂಡಳು.

"ಇಷ್ಟೇನಾ ವಿಷ್ಯ? ಆ ಇಬ್ರನ್ನೂ ಬಿಟ್ಟು ಇನ್ನೊಬ್ಬನ ಹೆಸರು ಹೇಳ್ಬಿಡ್ರೀ."

"ಅದ್ರಿಂದ ಏನೇ ಆಗತ್ತೆ?"

"ಇಬ್ರಿಗೂ ನಿಮ್ಮೇಲೆ ಕೋಪ ಬರತ್ತೆ. ಒಂದಾಗ್ತಾರೆ. ಅತ್ತೆಗೂ ನಿಮ್ಮಕ್ಕಂಗೂ ಚಕ್ಕುಲಿ ಹಿಟ್ಟಿನ ವಿಷ್ಯಕ್ಕೆ ಜಗಳ ಆದಾಗೆಲ್ಲಾ ನಾನು ನಮ್ಮಮ್ಮ ಮಾಡೋ ರೀತಿನೇ ಕರೆಕ್ಟು ಅಂತಿದ್ದೆ. ತಕ್ಷಣ ಇಬ್ರೂ ಒಂದೇ ಪಾರ್ಟಿ!"

ಹದಿನಾಲ್ಕು ವರ್ಷದ ಸಂಸಾರದಲ್ಲಿ ಆ ಚಕ್ಕುಲಿ ರಾಜಕೀಯ ನನಗೆ ತಿಳಿದದ್ದು ಅಂದೇ.

ಮಾರನೆಯ ದಿನ ಕೆಫೆಟೇರಿಯಾದಲ್ಲಿ ವಾಲ್ಟರ್ ಒಂದು ಮೇಜು, ಡಗ್ ಇನ್ನೊಂದು ಮೇಜು. ನಾನು ಎರಡರ ನಡುವೆ ನಿಂತು ಇಬ್ಬರಿಗೂ ಕೇಳುವಂತೆ, "ಬಹಳ ಯೋಚಿಸಿದೆ. ನಿಮ್ಮ ಕಾಲೇಜಿನ ಅತಿ ದೊಡ್ಡ ಕ್ವಾರ್ಟರ್‌ಬ್ಯಾಕ್ ಎಂದರೆ ಲೆನಿ" ಎಂದೆ. ಲೆನಿ ಎಪ್ಪತ್ತರ ದಶಕದವನು. ಈ ಇಬ್ಬರೂ ಒಮ್ಮೊಮ್ಮೆ ಉಸಿರು ತೆಗೆದುಕೊಳ್ಳುವಾಗ ಬೈಯಲು ಬಳಸುತ್ತಿದ್ದ ಹೆಸರು. ಅವನ ಬಗ್ಗೆ ನನಗೆ ಗೊತ್ತಿದ್ದುದು ಅಷ್ಟೇ.

ಡಗ್ ತಟ್ಟೆ ಎತ್ತಿಕೊಂಡು ಬಂದು ವಾಲ್ಟರ್‌ನ ಮೇಜಿನಲ್ಲಿ ಕೂತ. "ಕೇಳಿದೆಯಾ ಇವನು ಹೇಳಿದ್ದು?" "ಕೇಳಿದೆ." "ಲೆನಿಯಂತೆ!" "ಲೆನಿ!" ಸುಧಾಳ ಬುದ್ಧಿಗೆ ಮನಸ್ಸಿನಲ್ಲೇ ಕೈಮುಗಿದೆ. ಮರುದಿನ ಬೆಳಿಗ್ಗೆ ವಾಲ್ಟರ್‌ನ ಕಾರು ನಮ್ಮ ಮನೆಯ ಮುಂದಿತ್ತು, ಡಗ್ ಅದರೊಳಗಿದ್ದ.

ಆದರೆ ಶಾಂತಿ ಅವರಿಬ್ಬರಿಗೆ ಮಾತ್ರ ಸಿಕ್ಕಿತು. ದಿನಾ ಬೆಳಿಗ್ಗೆ ಸಂಜೆ ಲೆನಿಗೆ ಅರ್ಚನೆ, ಅದರ ಪ್ರಸಾದ ನನಗೆ. ಅದರಲ್ಲೂ ಒಂದು ಮಳೆಯ ದಿನದ ಆಟವಂತೆ. ಪಕ್ಕದ ಕಾಲೇಜಿನ ವಿರುದ್ಧ ಗೆಲ್ಲಲೇಬೇಕಾಗಿದ್ದ ಆಟದಲ್ಲಿ ಚೆಂಡು ಲೆನಿಯ ಕೈಯಿಂದ ಒದ್ದೆ ಸೋಪಿನ ಹಾಗೆ ಮತ್ತೆ ಮತ್ತೆ ಜಾರಿತಂತೆ, ಅವನೂ ಕೆಸರಿನಲ್ಲಿ ಬೀಳುತ್ತಲೇ ಇದ್ದನಂತೆ. ಆ ಒಂದು ಆಟವನ್ನು ನಾನು ಎಷ್ಟು ಸಲ ಕೇಳಿದೆನೆಂದರೆ ಕೊನೆಗೆ ಮಳೆಯ ಹನಿಗಳೂ ನನಗೆ ಪರಿಚಯವಾದವು. ಕೇಳಿ ಕೇಳಿ ನನಗೆ ಲೆನಿಗಾಗಿ ಕರುಳು ಚುರ್ರೆನ್ನತೊಡಗಿತು. "ಬಿದ್ದವನು ಪ್ರತಿ ಸಲವೂ ಎದ್ದನೋ ಇಲ್ಲವೋ, ಅದನ್ನು ಹೇಳಿ" ಎಂದು ಒಂದು ದಿನ ಕೂಗಿಯೇಬಿಟ್ಟೆ.

ನನ್ನ ರೋಗ ವಾಸಿ ಮಾಡಲು ಇಬ್ಬರೂ ಸೇರಿ ನನ್ನನ್ನು ಹೋಮ್‌ಕಮಿಂಗ್‌ಗೆ ಕರೆದೊಯ್ದರು. ಹಳೆಯ ವಿದ್ಯಾರ್ಥಿಗಳು ಕಾಲೇಜಿಗೆ ಮರಳಿ ಬಂದು ಆಟ ನೋಡುವ ವಾರ್ಷಿಕ ಹಬ್ಬ ಅದು. ಕ್ರೀಡಾಂಗಣದ ಹೊರಗಿನ ಪಾರ್ಕಿಂಗ್ ಬಯಲಿನಲ್ಲಿ ಎಲ್ಲೆಲ್ಲೂ ಇದ್ದಿಲ ಒಲೆಗಳು, ಹೊಗೆ, ಮಾಂಸ ಸುಡುವ ವಾಸನೆ. ಸಸ್ಯಾಹಾರಿಯಾದ ನಾನು ಬರಿಯ ಬನ್ನಿಗೆ ಸಾಸಿವೆ ಸವರಿಕೊಂಡು ಮೂಲೆಯಲ್ಲಿ ನಿಂತಿದ್ದೆ. ಆಗ ಡಗ್ ನನ್ನ ತೋಳು ಹಿಡಿದು ಎಳೆದುಕೊಂಡು ಹೋಗಿ ಒಬ್ಬ ಬೋಳುತಲೆಯ, ಹೊಟ್ಟೆ ಬಂದ ಮನುಷ್ಯನ ಮುಂದೆ ನಿಲ್ಲಿಸಿದ. "ಲೆನಿ, ಇವನು ಇಂಡಿಯಾದವನು. ನೀನೇ ಎಲ್ಲರಿಗಿಂತ ದೊಡ್ಡವನು ಅಂತಾನೆ." ಡಗ್‌ನ ಹಿಂದೆ ವಾಲ್ಟರ್ ನಗು ತಡೆದುಕೊಂಡು ನಿಂತಿದ್ದ.

ಲೆನಿ ನಗಲಿಲ್ಲ. ಕೈಲಿದ್ದ ಇಕ್ಕಳ ಕೆಳಗಿಟ್ಟು, ಅಂಗೈ ಒರೆಸಿಕೊಂಡು, ನನ್ನ ಕೈ ಹಿಡಿದ. "ಹಾಗೆ ಯಾರಾದರೂ ಹೇಳಿ ಬಹಳ ವರ್ಷವಾಯಿತು. ಯಾವ ಆಟ ನಿಮಗೆ ಇಷ್ಟವಾಯಿತು?"

ನನಗೆ ಗೊತ್ತಿದ್ದುದು ಒಂದೇ ಆಟ. "ಮಳೆಯ ದಿನದ್ದು" ಎಂದೆ. "ನಾನು ನೋಡಿದವನಲ್ಲ, ಕೇಳಿದ್ದು. ನೀವು ಬಿದ್ದಾಗಲೆಲ್ಲ ಎದ್ದಿರಂತೆ."

ವಾಲ್ಟರ್‌ನ ನಗು ನಿಂತಿತು. ಲೆನಿ ತನ್ನ ಬಲ ಭುಜ ಮುಟ್ಟಿಕೊಂಡ. "ಮೊದಲರ್ಧದಲ್ಲೇ ಇದು ಕೀಲು ತಪ್ಪಿತ್ತು. ಬದಲಿಗೆ ಆಡಬೇಕಾಗಿದ್ದ ಹುಡುಗ ಜ್ವರದಲ್ಲಿ ಮಲಗಿದ್ದ. ನೋವಾಗಿದೆ ಅಂತ ಗೊತ್ತಾದರೆ ಎದುರಾಳಿಗಳು ಅಲ್ಲಿಗೇ ಬಂದು ಹೊಡೆಯುತ್ತಾರೆ, ಬಾಯಿ ಬಿಡಬೇಡ ಅಂದರು ನಮ್ಮ ಕೋಚ್. ಬಿಡಲಿಲ್ಲ. ಆಮೇಲೆ ಯಾರೂ ಕೇಳಲೂ ಇಲ್ಲ." ಇಷ್ಟು ಹೇಳಿ ಅವನು ನನಗೆ ಒಂದು ಜೋಳದ ತೆನೆ ಸುಟ್ಟುಕೊಟ್ಟ, ಬೆಣ್ಣೆ ತಾನೇ ಸವರಿ. ವಾಲ್ಟರ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಡಗ್ ತನ್ನ ಬೂಟುಗಳನ್ನೇ ನೋಡುತ್ತಿದ್ದ.

ವಾಪಸು ಬರುವಾಗ ವರ್ಜೀನಿಯಾ ಗಡಿಯವರೆಗೂ ಕಾರಿನಲ್ಲಿ ಒಂದು ಮಾತಿಲ್ಲ. ಇಷ್ಟು ತಿಂಗಳುಗಳಲ್ಲಿ ನಾನು ಕೇಳಿದ ಮೊದಲ ಮೌನ. ಕಣ್ಣು ಮುಚ್ಚಿ ಸುಖಪಟ್ಟೆ. ಆಗ ವಾಲ್ಟರ್ ಗಂಟಲು ಸರಿಮಾಡಿಕೊಂಡ.

"ಒಪ್ಪಿಕೊಳ್ಳಬೇಕು. ಎರಡನೇ ವರ್ಷದ ಲೆನಿಯ ಮುಂದೆ ಯಾರೂ ಇಲ್ಲ."

"ಎರಡನೇ ವರ್ಷವೇ?" ಎಂದ ಡಗ್. "ಏನು ಮಾತಾಡುತ್ತೀಯ? ಕೊನೆಯ ವರ್ಷದ ಲೆನಿ!"

"ಕೊನೆಯ ವರ್ಷ ಅವನ ಓಟ ನಿಧಾನವಾಗಿತ್ತು."

"ತಲೆ ಚುರುಕಾಗಿತ್ತು!"

ಇಬ್ಬರ ಕಣ್ಣುಗಳೂ ಕನ್ನಡಿಯಲ್ಲಿ ನನ್ನನ್ನು ಹುಡುಕುವ ಮೊದಲೇ ನಾನು ಸೀಟಿನ ತುದಿಗೆ ಬಂದಿದ್ದೆ. ಮುಂದಿನ ಎರಡು ಸೀಟುಗಳ ನಡುವೆ ತಲೆ ತೂರಿಸಿ, ಗುದ್ದಲು ಮೇಜಿಲ್ಲದ್ದರಿಂದ ವಾಲ್ಟರ್‌ನ ಭುಜ ಗುದ್ದಿ, "ನಿಮ್ಮಿಬ್ಬರಿಗೂ ಏನೂ ಗೊತ್ತಿಲ್ಲ! ಲೆನಿಯ ಆಟ ನೋಡಬೇಕಾದ್ದು ಮೂರನೆಯ ವರ್ಷದಲ್ಲಿ!" ಎಂದು ಗುಡುಗಿದೆ.

ಮೂರನೆಯ ವರ್ಷವಿಡೀ ಲೆನಿ ಭುಜಕ್ಕೆ ಪಟ್ಟಿ ಕಟ್ಟಿಕೊಂಡು ಬೆಂಚಿನ ಮೇಲೆ ಕೂತಿದ್ದನೆಂದು ಆಮೇಲೆ ತಿಳಿಯಿತು. ನನ್ನ ಅಭಿಪ್ರಾಯವನ್ನು ನಾನಿನ್ನೂ ಬದಲಿಸಿಲ್ಲ.