ಊಟದ ಮೇಜಿಗಾಗಿ ನಾನು ಮಾಡಿದ ನೌಕಾಯುದ್ಧ

ದೋಸೆಗೆ ಅಕ್ಕಿ ನೆನೆಹಾಕಿದ್ದಾಯಿತು. ಬಸಳೆಗೆ ನೀರು ಬಿಟ್ಟದ್ದಾಯಿತು. ಒಣಗಿದ ಬಟ್ಟೆ ಮಡಚಿ, ಹೊಸಂಗಡಿಗೆ ಹೋಗಿ ಇವರ ಕನ್ನಡಕ ರಿಪೇರಿ ಮಾಡಿಸಿ ತಂದದ್ದೂ ಆಯಿತು. ಇನ್ನು ಉಳಿದದ್ದು ಒಂದು ನೌಕಾಯುದ್ಧ ಮಾತ್ರ.

ಯುದ್ಧಕ್ಕೆ ಕಾರಣ ನಮ್ಮ ಊಟದ ಮೇಜು. ನಿವೃತ್ತರಾದ ಮೇಲೆ ಇವರು ಇಂಟರ್ನೆಟ್ಟಿನಿಂದ ಕಡಲ ಯುದ್ಧದ ಆಟವೊಂದರ ನಿಯಮಗಳನ್ನು ಪ್ರಿಂಟ್ ತೆಗೆಸಿ ತಂದು, ಮೇಜಿನ ತುಂಬ ಚೌಕಳಿಯ ಸಮುದ್ರ ಹಾಸಿದ್ದಾರೆ. ಹಳೆಯ ಮದುವೆ ಆಮಂತ್ರಣಗಳನ್ನು ಕತ್ತರಿಸಿ ಮಾಡಿದ ವಿಮಾನವಾಹಕ ಹಡಗುಗಳು, ಹುಣಸೆಬೀಜದ ವಿಮಾನಗಳು. ನಾವು ತಟ್ಟೆಯನ್ನು ಮಡಿಲಲ್ಲಿಟ್ಟು ಉಣ್ಣಲು ತೊಡಗಿ ತಿಂಗಳೇ ಕಳೆಯಿತು. ಕೊನೆಗೆ ಒಪ್ಪಂದವಾಯಿತು. ಆಟದಲ್ಲಿ ನಾನು ಗೆದ್ದರೆ ಸಮುದ್ರ ಅಟ್ಟಕ್ಕೆ. ಸೋತರೆ ಮಳೆಗಾಲ ಮುಗಿಯುವವರೆಗೆ ನಾನು ಮೇಜಿನ ಸುದ್ದಿ ಎತ್ತುವಂತಿಲ್ಲ.

ನನಗೇನು ಭಯ? ಅನ್ನ, ಸಾಂಬಾರು, ಪಲ್ಯ ಎಲ್ಲವನ್ನೂ ಒಂದೇ ಹೊತ್ತಿಗೆ ಬಿಸಿಬಿಸಿಯಾಗಿ ಬಡಿಸುವವಳು ನಾನು. ಮೂರು ಹಡಗುಗಳ ವಿಮಾನಗಳಿಂದ ಒಟ್ಟಿಗೆ ದಾಳಿ ಮಾಡಿಸುವುದು ಯಾವ ಮಹಾ ವಿದ್ಯೆ! ಮೂರೂ ಕಡೆಯಿಂದ ಒಂದೇ ಸರದಿಯಲ್ಲಿ ಹಾರಿಸಿದೆ.

ಹತ್ತಿರದ ಹಡಗಿನವು ಮೊದಲು ತಲುಪಿದವು. ಇವರ ಫಿರಂಗಿಗಳೆಲ್ಲ ಅವುಗಳ ಕಡೆಗೇ ತಿರುಗಿದವು. ಬೀಜಗಳೆಲ್ಲ ಡಬ್ಬಿಗೆ! ಅಷ್ಟರಲ್ಲಿ ಎರಡನೆಯ ತಂಡ ಬಂತು. ಅದೂ ಡಬ್ಬಿಗೆ.

ಪಾತ್ರೆ ಹಿಂದೆ ಕೊಡಲು ಬಂದ ಪಕ್ಕದ ಮನೆಯ ಆಯಿಷಾ ಅಲ್ಲೇ ನಿಂತು ನೋಡುತ್ತಿದ್ದಳು.

"ಅಕ್ಕ, ಕುಚ್ಚಿಲಕ್ಕಿ ಬೇಯಲಿಕ್ಕೆ ಹೊತ್ತು ಬೇಕು ಅಂತ ಅದನ್ನೇ ಅಲ್ವಾ ಮೊದಲು ಇಡುವುದು? ಹಾಗೆಯೇ ದೂರದ್ದನ್ನು ಮೊದಲು ಬಿಡ್ಬೇಕಿತ್ತಲ್ವಾ?"

ನೆರೆಹೊರೆಯವರು ಯುದ್ಧನೀತಿಯಲ್ಲಿ ತಲೆಹಾಕತಕ್ಕದ್ದಲ್ಲ ಎಂದು ಸೂಚಿಸಿ, ದೂರದ ತಂಡವನ್ನು ಅರ್ಧದಾರಿಯಿಂದಲೇ ವಾಪಸು ಕರೆದೆ. ಆದರೆ ಅವು ಹೊರಟಿದ್ದ ಹಡಗಿನ ಮೇಲೆ ಬಾಂಬು ಕಟ್ಟಿಕೊಂಡು ಇನ್ನೊಂದು ತಂಡ ಹೊರಡಲು ನಿಂತಿತ್ತು. ಇಳಿಯಲು ಜಾಗವಿಲ್ಲ. ಸ್ವಲ್ಪ ಒತ್ತಿ ನಿಲ್ಲಲಿ ಎಂದು ವಾದಿಸಿದೆ.

"ಇದು ಕಾಸರಗೋಡು ಬಸ್ಸಲ್ಲ ಮಾರಾಯ್ತಿ," ಎಂದರು ಇವರು. ಬಂದವೆಲ್ಲ ನೀರಿಗೆ ಬಿದ್ದವು.

ರೋಷ ಬಂತು. ಶತ್ರು ಎಲ್ಲಿದ್ದಾನೆಂದು ನೋಡಿಬರಲು ಯಾರನ್ನೂ ಕಳಿಸದೆ, ಆ ಕೊನೆಯ ತಂಡವನ್ನು ಹಾರಿಸಿಯೇಬಿಟ್ಟೆ. ಹಾಗೆ ಹೋದವರು ಯಾರ ಹಡಗನ್ನು ಕಾಣುತ್ತಾರೆಂಬುದನ್ನು ದಾಳ ಹೇಳಬೇಕಂತೆ. ಹಾಕಿದೆ. ನನ್ನದೇ ಹಡಗನ್ನು ಕಂಡರು! ಬಾಂಬುಗಳೆಲ್ಲ ಸರಿಯಾಗಿ ನಡುಮಧ್ಯಕ್ಕೇ ಬಿದ್ದವು. ಹಡಗು ಮುಳುಗಿತು.

"ಗುರಿ ತಪ್ಪಿತಾ? ಇಲ್ಲ ಅಲ್ವಾ?" ಎಂದೆ. "ಹಡಗು ಮುಳುಗಿಸಿದವರಿಗೆ ಅಂಕ ಉಂಟು ಅಂತ ನೀವೇ ಹೇಳಿದ್ದು. ಮುಳುಗಿಸಿದ್ದು ನಾನು. ಕೊಡಿ!"

ಇವರು ಮೊದಲ ಬಾರಿಗೆ ತಬ್ಬಿಬ್ಬಾದರು. ರಿಪೇರಿಯಾದ ಕನ್ನಡಕ ಏರಿಸಿ ನಿಯಮಗಳನ್ನು ಹುಡುಕಿದರು. ಇತ್ತು. ಆ ಅಂಕವೂ ಎದುರಾಳಿಗೇ.

ಮೇಜು ಹೋಯಿತು. ಆದರೆ ನನ್ನ ಯೋಜನೆಯಲ್ಲಿ ತಪ್ಪಿರಲಿಲ್ಲ, ಸಮುದ್ರವೇ ಸ್ವಲ್ಪ ದೊಡ್ಡದಾಯಿತು ಎಂದು ನಾನು ಯಾರ ಮುಂದೆಯೂ ಹೇಳಬಲ್ಲೆ. ಆಯಿಷಾಳನ್ನು ಬಿಟ್ಟು.

ರಾತ್ರಿ ಗಂಜಿ, ಹುರುಳಿ ಚಟ್ನಿ, ಸುಟ್ಟ ಹಪ್ಪಳ, ಮಡಿಲಲ್ಲೇ ಉಂಡೆವು. ಗೆದ್ದವರು ಮೊದಲು ಮಲಗಿ ಗೊರಕೆ ಹೊಡೆದರು. ಮುಳುಗಿದವಳು ಪಾತ್ರೆ ತೊಳೆದು ಆಮೇಲೆ ಮಲಗಿದೆ.