ನಲವತ್ತನೆಯ ಸಾಲು

ನಾಯಕನ ಬದಲಿ ಅಂಗಿಯ ಕಾಲರಿಗೆ ನೀರು ಚಿಮುಕಿಸಿ ಇಸ್ತ್ರಿ ಒತ್ತುತ್ತಿದ್ದ ಪ್ರಾಂಪ್ಟರಮ್ಮನ ತುಟಿಗಳು ಎಂದಿನಂತೆ ತಮ್ಮ ಪಾಡಿಗೆ ತಾವು ಆಡುತ್ತಿದ್ದವು. ನಾಟಕ ಕಂಪನಿಯ ಪರದೆಯ ಮರೆಯಲ್ಲಿ ಇಪ್ಪತ್ತಾರು ವರ್ಷ ಕೂತು, ಮಾತು ಮರೆತ ನಟರಿಗೆ ಪಿಸುದನಿಯಲ್ಲಿ ಎತ್ತಿಕೊಟ್ಟವಳು ಅವಳು. ಕಂಪನಿ ಮುಚ್ಚಿ ಎಷ್ಟೋ ವರ್ಷವಾಗಿದ್ದರೂ ಆ ಸುದ್ದಿಯನ್ನು ತುಟಿಗಳಿಗೆ ಯಾರೂ ಮುಟ್ಟಿಸಿರಲಿಲ್ಲ.

ಈಗ ಕಂಪನಿಯ ಹೆಸರಾಂತ ನಾಟಕವೇ ಸಿನಿಮಾ ಆಗುತ್ತಿತ್ತು, ಅದೂ ಅವಳ ಎದುರುಮನೆಯಲ್ಲಿ. ಇಸ್ತ್ರಿ ಕೆಲಸ ಕೊಡಿಸಿದವಳು ಕೆಳಗಿನ ಮನೆಯ ಟೈಲರಮ್ಮ.

"ಅಕ್ಕಾ, ಇಸ್ತ್ರಿ ಹಿಡ್ಕೊಂಡು ಒಳಗೆ ಹೋಗಿ. ಹಾಗೇ ಕ್ಯಾಮರಾ ಮುಂದೆ ನುಗ್ಗಿಬಿಡಿ!"

"ಸುಮ್ನಿರೇ, ಅಂಗಿ ಸುಟ್ಟೀತು."

ನಾಟಕದ ಕೊನೆಯಲ್ಲಿ, ಹನ್ನೆರಡು ವರ್ಷ ಬಿಟ್ಟುಹೋಗಿದ್ದ ಗಂಡ ಬಂದು ಬಾಗಿಲು ತಟ್ಟುತ್ತಾನೆ. ಹೆಂಡತಿ ಒಳಗಿನಿಂದಲೇ ನಲವತ್ತು ಸಾಲು ಮಾತಾಡುತ್ತಾಳೆ, ಬಾಗಿಲು ಮಾತ್ರ ತೆಗೆಯುವುದಿಲ್ಲ. ಕೊನೆಯ ಸಾಲಿಗೆ ಇಡೀ ರಂಗಮಂದಿರ ಉಸಿರು ಬಿಗಿಹಿಡಿಯುತ್ತಿತ್ತು. ಒಂದು ಸಂಜೆ ನಾಯಕಿಗೆ ಜ್ವರ ಬಂದಾಗ ಮಾಲೀಕರು, "ನೀನೇ ಹೋಗಮ್ಮ, ನಿನಗೆಲ್ಲ ಬಾಯಿಪಾಠ" ಎಂದಿದ್ದರು. "ಅಯ್ಯೋ, ನನ್ನಿಂದಾಗಲ್ಲ" ಅಂದುಬಿಟ್ಟಿದ್ದಳು. ಆಮೇಲೆ ಯಾರೂ ಕೇಳಲಿಲ್ಲ. ಆ ಮಾತುಗಳನ್ನು ಒಮ್ಮೆಯಾದರೂ ಗಂಟಲು ಬಿಚ್ಚಿ ಹೇಳಬೇಕೆಂಬ ಆಸೆ, ಬಿಸಿಲು ಕಾಣದ ಒದ್ದೆ ಬಟ್ಟೆಯಂತೆ ಇನ್ನೂ ಒಳಗೆ ನೇತಾಡುತ್ತಿತ್ತು. ನಾಟಕದ ಪುಸ್ತಕವನ್ನು ಗೆದ್ದಲು ತಿಂದಿತ್ತು. ನಲವತ್ತು ಸಾಲೂ ಉಳಿದಿದ್ದುದು ಅವಳ ತಲೆಯೊಳಗೆ ಮಾತ್ರ.

ಯುವ ನಿರ್ದೇಶಕ ಅಷ್ಟನ್ನೂ ಕತ್ತರಿಸಿಹಾಕಿದ್ದ. "ಇವಳು ಈ ಕಾಲದ ಹೆಂಗಸು. ಮೌನವೇ ಡೈಲಾಗು!"

ಆಕ್ಷನ್. ಹೊರಗಿನಿಂದ ಬೆಲ್ ಆಯಿತು. ನಾಯಕಿ ಬಾಗಿಲು ನೋಡುತ್ತ ನಿಂತಳು. ಮೂರೆಣಿಸುವಷ್ಟರಲ್ಲಿ ಮಾತು ಬರದಿದ್ದರೆ ಎತ್ತಿಕೊಡಬೇಕು, ಅದು ಕಂಪನಿಯ ಕಟ್ಟಳೆ. ಒಂದು, ಎರಡು, ಮೂರು.

"ದಾರಿ ನೆನಪಿತ್ತೆ ನಿಮಗೆ?" ಎಂದು ಇಸ್ತ್ರಿ ಹಲಗೆಯಿದ್ದ ಮೂಲೆಯಿಂದ ಪಿಸುಮಾತು ಬಂತು.

"ಕಟ್! ಯಾರ್ರೀ ಅದು?"

ಎರಡನೇ ಸಲ ಪ್ರಾಂಪ್ಟರಮ್ಮ ಬಾಯಿಗೆ ಕರವಸ್ತ್ರ ತುರುಕಿಕೊಂಡಳು. ಮಾತು ಕುಕ್ಕರಿನ ಆವಿಯಂತೆ ಸಂದಿಯಿಂದ ನುಸುಳಿತು. ಮೂರನೇ ಸಲ ಬಾಯ್ತುಂಬ ನೀರು ತುಂಬಿಕೊಂಡಳು. ಮೂರೆಣಿಸಿದ್ದೇ ತಡ, ಹಲಗೆಯ ಮೇಲೆ ಆಗಷ್ಟೇ ಇಸ್ತ್ರಿಯಾದ ಅಂಗಿಗೆ ಮತ್ತೊಮ್ಮೆ ನೀರು ಚಿಮುಕಿಸಿದಂತಾಯಿತು.

"ಅಮ್ಮಾ, ಕೈಮುಗೀತೀನಿ, ಹೊರಗೆ ನಿಂತ್ಕೊಳ್ಳಿ" ಎಂದ ನಿರ್ದೇಶಕ.

ಹೊರಗೆ ನಾಯಕನ ಪಕ್ಕದಲ್ಲಿ ನಿಂತಳು. ಬೆಲ್ ಆಯಿತು. ಒಳಗೆ ಮೌನ. ಮುಚ್ಚಿದ ಬಾಗಿಲು, ಬೈಯುವವರಿಲ್ಲ. ಮೊದಲ ಸಾಲು ತಾನಾಗಿ ಬಂತು. ಎರಡನೆಯದಕ್ಕೆ ಪಿಸುದನಿ ಹೋಗಿ ಧ್ವನಿ ಬಂತು. ಹತ್ತನೆಯದಕ್ಕೆ ನಾಯಕ ಬೆಲ್ಲಿನಿಂದ ಕೈ ತೆಗೆದು ತಲೆತಗ್ಗಿಸಿದ. ಅವನ ಕಾಲರಿನಲ್ಲಿ ಸಿಕ್ಕಿಸಿದ್ದ ಮೈಕು ಅವಳ ನೆನಪಿನಲ್ಲೇ ಇರಲಿಲ್ಲ.

ಮೂವತ್ತೊಂಬತ್ತನೆಯ ಸಾಲು ಮುಗಿಯುವುದಕ್ಕೂ ಬಾಗಿಲು ತೆರೆಯುವುದಕ್ಕೂ ಸರಿಹೋಯಿತು. ಕೊನೆಯದು ಗಂಟಲಲ್ಲೇ ನಿಂತಿತು.

ಹೆಡ್‌ಫೋನ್ ಕೈಯಲ್ಲಿ ಹಿಡಿದ ನಿರ್ದೇಶಕನ ಕಣ್ಣು ಒದ್ದೆಯಾಗಿತ್ತು. "ಅಮ್ಮಾ, ಈ ಮಾತಿಲ್ದೆ ನನ್ನ ಸಿನಿಮಾ ಬರೀ ಬಾಗಿಲು. ನಾಳೆ ಸ್ಟುಡಿಯೋಗೆ ಬನ್ನಿ. ಹೆಂಡತಿಯ ಮನಸ್ಸಿನ ಮಾತಾಗಿ ಇದನ್ನೇ ಹಾಕ್ತೀನಿ."

ಟೈಲರಮ್ಮ ಮೆಟ್ಟಿಲು ಹತ್ತುತ್ತ ಮನೆಮನೆಗೂ ಸುದ್ದಿ ಹಂಚಿ, ಅಳತೆ ಟೇಪು ಹಿಡಿದು ಓಡಿಬಂದಳು.

"ಸ್ಟುಡಿಯೋಗೆ ಈ ಬಟ್ಟೇಲಿ ಹೋಗ್ತೀರಾ? ಕೈ ಎತ್ತಿ ಅಕ್ಕಾ. ನಾಯಕಿ ಹೆಗಲು, ಆದರೆ ಹೊಟ್ಟೆ ಪೋಷಕ ಪಾತ್ರದ್ದು!"

ಪ್ರಾಂಪ್ಟರಮ್ಮ ಎಷ್ಟೋ ವರ್ಷದ ಮೇಲೆ ಜೋರಾಗಿ ನಕ್ಕಳು. ಕೈಯೆತ್ತಿ ನಿಂತಿದ್ದಾಗಲೇ ನಿರ್ದೇಶಕ ಇಣುಕಿದ.

"ಅಮ್ಮಾ, ಹೀರೋಯಿನ್ ಮೇಡಂ ನಾಳೆ ಹತ್ತಕ್ಕೆ ಬರ್ತಾರೆ. ಅವರ ಧ್ವನೀಲೇ ರೆಕಾರ್ಡ್ ಮಾಡೋದು, ಮುಖ ಅವರದಲ್ವಾ? ನೀವು ಪಕ್ಕದಲ್ಲಿ ಕೂತು ಒಂದೊಂದೇ ಸಾಲು ಎತ್ತಿಕೊಡಿ. ಮೆಲ್ಲಗೆ, ಮೈಕಿಗೆ ಕೇಳಿಸ್ದಂಗೆ."

ಎತ್ತಿದ ಕೈಗಳು ನಿಧಾನವಾಗಿ ಇಳಿದವು. ಟೈಲರಮ್ಮ ಟೇಪು ಸುತ್ತಿಕೊಂಡಳು.

"ಆಗ್ಲಪ್ಪ."

"ಒಟ್ಟು ಎಷ್ಟು ಸಾಲಮ್ಮ?"

ಒಂದು, ಎರಡು, ಮೂರು.

"ಮೂವತ್ತೊಂಬತ್ತು" ಎಂದಳು ಪ್ರಾಂಪ್ಟರಮ್ಮ. ಒದ್ದೆ ಅಂಗಿಯನ್ನು ಮತ್ತೆ ಹಲಗೆಯ ಮೇಲೆ ಹರಡಿ, ಇಸ್ತ್ರಿ ಒತ್ತತೊಡಗಿದಳು. ತುಟಿಗಳು ಅಲುಗಲಿಲ್ಲ.